ಹದಿನೇಳನೆಯ ಪ್ರಶ್ನೆ

ಬೆಲ್ವಿಲ್, ಪ್ಯಾರಿಸ್
ಸೋಮವಾರ, ೧೬ ಫೆಬ್ರವರಿ ೨೦೨೬

ಪ್ರೀತಿಯ ಅಣ್ಣಾ, ನನ್ನ ಹಠಮಾರಿ ಅರ್ಮಾಂ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ನೆತಾನ್ಯಾದ ಕಡಲ ಗಾಳಿ ಅದಕ್ಕೆ ಆಗಿಬರುತ್ತಿಲ್ಲ ಎಂದು ಮಿರೇಯ್ ಅತ್ತಿಗೆ ಬೇಸಿಗೆಯಲ್ಲೇ ಬರೆದಿದ್ದರು. ಸಕ್ಕರೆ ಎಷ್ಟಕ್ಕಿಳಿಯಿತು? ಊಟವಾದ ಮೇಲೆ ಕಳ್ಳನ ಹಾಗೆ ಕಪಾಟು ತೆಗೆದು ಖರ್ಜೂರ ಬಾಯಿಗೆ ಹಾಕಿಕೊಳ್ಳುವ ಚಾಳಿ ಇನ್ನೂ ಬಿಟ್ಟಿಲ್ಲವಂತೆ. ಅರವತ್ತನಾಲ್ಕಾಯಿತು ಮಾರಾಯ, ಇನ್ನಾದರೂ ಹೆಂಡತಿಯ ಮಾತು ಕೇಳು. ನಾನು ಇದ್ದೇನೆ. ಬಿ.ಪಿ. ಮಾತ್ರೆ ಅರ್ಧ ಇದ್ದದ್ದು ಒಂದಾಗಿದೆ, ಹಿಂದಿನ ಹಲ್ಲೊಂದು ಹೋಗಿದೆ, ಮಿಕ್ಕಂತೆ ಐವತ್ತೇಳಕ್ಕೆ ಎಷ್ಟು ಚೆನ್ನಾಗಿರಬೇಕೋ ಅಷ್ಟು. ಈ ಕಾಲದಲ್ಲಿ ಕಾಗದ ಯಾಕೆ, ಫೋನು ಮಾಡಬಹುದಿತ್ತಲ್ಲ ಎಂದು ಮಾತ್ರ ಕೇಳಬೇಡ. ಜನವರಿಯಲ್ಲಿ ಮೂರು ನಿಮಿಷ ಮಾತಾಡಿ ಫೋನು ಇಟ್ಟವನು ನೀನು. ಆಮೇಲೆ ನಾನು ಮಾಡಿದ ಒಂದು ಕರೆಯನ್ನೂ ಎತ್ತಿಲ್ಲ. ಕಾಗದವಾದರೆ ಹರಿದು ಹಾಕುವ ಮೊದಲು ಒಮ್ಮೆಯಾದರೂ ಕಣ್ಣಾಡಿಸುತ್ತೀ, ನಿನ್ನನ್ನು ನಾನು ಬಲ್ಲೆ. ದಯವಿಟ್ಟು ಪೂರ್ತಿ ಓದು. ಬೈಯುವುದಿದ್ದರೆ ಕೊನೆಯಲ್ಲಿ ಬೈ.

ಅಮ್ಮ ಹೋದ ರೀತಿ ನಿನಗೆ ಸರಿಯಾಗಿ ಹೇಳಲು ಆಗಲೇ ಇಲ್ಲ. ಜನವರಿ ೧೨, ಸೋಮವಾರ ಬೆಳಿಗ್ಗೆ, ಅಡುಗೆಮನೆಯ ಕುರ್ಚಿಯಲ್ಲಿ ಕೂತಲ್ಲೇ. ಎದುರಿಗೆ ಕಾಫಿ ಅರ್ಧ ಉಳಿದಿತ್ತು. ಮೂರನೇ ಮಹಡಿಯ ಹುರಿಯಾ ದಿನಾ ಒಂಬತ್ತಕ್ಕೆ ಬ್ರೆಡ್ಡು ತಂದುಕೊಡುತ್ತಿದ್ದಳಲ್ಲ, ಅವಳೇ ಮೊದಲು ನೋಡಿದ್ದು. ಬುಧವಾರ ಬಾನ್ಯೋದ ಸ್ಮಶಾನದಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಪ್ರಾರ್ಥನೆಗೆ ಹತ್ತು ಗಂಡಸರು ಸೇರಬೇಕಲ್ಲ, ಆ ಚಳಿಯಲ್ಲಿ ಬಂದವರನ್ನು ನಾನು ಅಮ್ಮ ಕಲಿಸಿದ ಹಾಗೆಯೇ ಮನಸ್ಸಿನಲ್ಲಿ ಎಣಿಸಿದೆ. ಒಂದಲ್ಲ, ಎರಡಲ್ಲ, ಮೂರಲ್ಲ. ನೆನಪಿದೆಯಾ, ಶುಕ್ರವಾರ ಸಂಜೆ ಮೇಜಿನ ಸುತ್ತ ತಟ್ಟೆ ಇಡುವಾಗ ಹಾಗೇ ಎಣಿಸುತ್ತಿದ್ದಳು. 'ಜನರನ್ನ ನೆಟ್ಟಗೆ ಎಣಿಸಿದ್ರೆ ದೃಷ್ಟಿ ತಾಕುತ್ತೆ ಕಣೇ. ಅಲ್ಲ ಅಲ್ಲ ಅಂತಿದ್ರೆ ಸಾವಿಗೆ ಲೆಕ್ಕ ತಪ್ಪುತ್ತೆ' ಎನ್ನುತ್ತಿದ್ದಳು. ಎಣಿಕೆ ಒಂಬತ್ತಲ್ಲ ಎನ್ನುವಲ್ಲಿಗೆ ನಿಂತುಹೋಯಿತು. ಪಕ್ಕದ ಸಾಲಿನ ಸಮಾಧಿಗೆ ಬಂದಿದ್ದ ಯಾರೋ ಅಪರಿಚಿತನನ್ನು ಕೈಹಿಡಿದು ಕರೆತಂದರು. ಮಗ ಹೇಳಬೇಕಾದ ಕದ್ದಿಶ್ ಪ್ರಾರ್ಥನೆಯನ್ನು ಅಪ್ಪನ ಜೊತೆ ಹೊಲಿಗೆ ಮಾಡುತ್ತಿದ್ದ ಮಾಕ್ಸ್ ಹೇಳಿದರು. ತೊಂಬತ್ತೊಂದು ವರ್ಷ ಅವರಿಗೆ. ಅರ್ಧದಲ್ಲಿ ಉಸಿರು ಕಟ್ಟಿತು, ನಿಂತರು, ಮತ್ತೆ ಹೇಳಿದರು. ನಿನ್ನನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ ಅಣ್ಣಾ. ಬರಲಿಲ್ಲ ಯಾಕೆ ಎಂದು ನನಗೆ ಗೊತ್ತು. 'ಎರಡು ಸಲ ನನ್ನ ಕಾರ್ಡನ್ನ ವಾಪಸ್ ಕಳಿಸಿದವಳ ಮಣ್ಣಿಗೆ ಯಾವ ಮುಖ ಇಟ್ಕೊಂಡು ಬರಲಿ' ಎಂದು ನೀನು ಆ ಮೂರು ನಿಮಿಷದಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಆ ಕಾರ್ಡುಗಳ ವಿಷಯಕ್ಕೇ ಈ ಕಾಗದ.

ನೀನು ಇಸ್ರೇಲಿಗೆ ಹೊರಟ ವಾರದ ಜಗಳ ನೆನಪಿಸಿಕೋ. ಹತ್ತು ವರ್ಷವಾಯಿತು. ಬಾಗಿಲ ಹತ್ತಿರ ಪೆಟ್ಟಿಗೆ ಹಿಡಿದು ನಿಂತು ನೀನಂದೆ, 'ಇಲ್ಲಿದ್ದು ಏನಮ್ಮ ಮಾಡ್ತೀಯ? ಮತ್ತೊಂದ್ಸಲ ಹೆಸರು ಬಚ್ಚಿಟ್ಕೊಂಡು ಬದುಕೋ ಕಾಲ ಬಂದೇ ಬರುತ್ತೆ, ಬರೆದಿಟ್ಕೋ. ಆಗ ನಾನು ಬಂದು ಎಳ್ಕೊಂಡು ಹೋಗೋಕಾಗಲ್ಲ.' ಅಮ್ಮ ಸೌಟು ಹಿಡಿದುಕೊಂಡೇ ಉತ್ತರ ಕೊಟ್ಟಳು, 'ಆರು ವರ್ಷದವಳಿದ್ದಾಗ ಬಚ್ಚಿಟ್ಕೊಂಡಿದ್ದು ಸಾಕಪ್ಪ. ನನ್ನ ಅಡುಗೆಮನೆ ಬಿಟ್ಟು ಎಲ್ಲಿಗೂ ಓಡಲ್ಲ. ಹೋಗೋನು ಹೋಗು, ಬಾಗಿಲಲ್ಲಿ ನಿಂತು ಭಾಷಣ ಬೇಡ, ಸೂಪು ಆರ್ತಾ ಇದೆ.' ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗುಣ ನಿನಗೆ ಯಾರಿಂದ ಬಂತು ಎಂದು ಹುಡುಕಿಕೊಂಡು ಹೋಗಬೇಕಿಲ್ಲ. ಆಮೇಲೆ ಇಬ್ಬರೂ ಫೋನು ಮುಟ್ಟಲಿಲ್ಲ. ಆದರೆ ಪ್ರತಿ ವರ್ಷ ನಮ್ಮ ಹೊಸವರ್ಷಕ್ಕೆ ನಿನ್ನ ಒಂದು ಸಾಲಿನ ಕಾರ್ಡು ಬರುತ್ತಿತ್ತು. 'ವರ್ಷ ಸಿಹಿಯಾಗಿರಲಿ ಅಮ್ಮಾ. ಅರ್ಮಾಂ.' ಅವಳು ಉತ್ತರ ಬರೆಯುತ್ತಿರಲಿಲ್ಲ, ನಿಜ. ಆದರೆ ಆ ಕಾರ್ಡು ಶುಕ್ರವಾರ ಹಚ್ಚುವ ದೀಪದ ಕಂಬಗಳ ಹಿಂದೆ ಇಡೀ ವರ್ಷ ನಿಂತಿರುತ್ತಿತ್ತು. ಮುಂದಿನ ವರ್ಷದ್ದು ಬಂದ ಮೇಲೆಯೇ ಅದು ಡ್ರಾಯರಿಗೆ ಹೋಗುತ್ತಿದ್ದದ್ದು. ಇದನ್ನು ನಾನು ನಿನಗೆ ಎಂದೂ ಹೇಳಲಿಲ್ಲ, ಯಾಕೆಂದರೆ ನೀನೇ ನಡುವೆ ಬಾಯಿ ಹಾಕಬೇಡ ಎಂದಿದ್ದೆ. ಕಳೆದ ಅಕ್ಟೋಬರಿನಲ್ಲಿ ನೀನು ನನ್ನ ಫೋನಿಗೆ ಎರಡು ಲಕೋಟೆಗಳ ಚಿತ್ರ ಕಳಿಸಿದೆ. ಎರಡರ ಮೇಲೂ ಅಂಚೆಯ ಮುದ್ರೆ, ಈ ವಿಳಾಸದಲ್ಲಿ ಈ ಹೆಸರಿನವರಿಲ್ಲ. ಕೆಳಗೆ ನಿನ್ನ ಮಾತು, 'ನೋಡು ನಿನ್ನಮ್ಮನ ಉತ್ತರ. ಹೋದ ವರ್ಷದ್ದು, ಈ ವರ್ಷದ್ದು. ಅವಳನ್ನ ಏನೂ ಕೇಳಬೇಡ. ನನಗಿನ್ನು ತಾಯಿ ಇಲ್ಲ.'

ಅಣ್ಣಾ, ಆ ಕಾರ್ಡುಗಳನ್ನು ಅಮ್ಮ ಕಣ್ಣಿಂದಲೂ ನೋಡಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಹೇಳಬೇಕಾದರೆ ನನ್ನ ಕೆಲಸದ ಕಥೆ ಹೇಳಬೇಕು. ನಿನಗೆ ಅದು ಕೇಳಿದರೆ ಆಕಳಿಕೆ ಬರುತ್ತದೆ ಎಂದು ಗೊತ್ತು, ಸ್ವಲ್ಪ ತಡೆದುಕೋ. ಎರಡು ವರ್ಷದಿಂದ ನಮ್ಮ ಸಂಸ್ಥೆ ಈ ಊರಿನ ಯೆಹೂದಿ ಮನೆಗಳಿಗೆ ಹೋಗಿ ಕೇಳುತ್ತಿದೆ. ಹೇಗೆ ಬದುಕುತ್ತಿದ್ದೀರಿ, ಯಾವುದಕ್ಕೆ ಹೆದರುತ್ತೀರಿ, ಏನು ಬದಲಾಯಿತು. ದ್ವೇಷ ಹೆಚ್ಚಿದೆಯೋ ಇಲ್ಲವೋ ಎಂದು ರೇಡಿಯೋದವರು ನನ್ನನ್ನು ಕರೆದು ಕೇಳುತ್ತಾರೆ, ನಾನು ಅಂಕಿ ಹೇಳುತ್ತೇನೆ. ಅಮ್ಮನಿಗೆ ನನ್ನ ಕೆಲಸವೆಂದರೆ ತಮಾಷೆ. 'ಎಣಿಸಬಾರದ ಜನರನ್ನೇ ಎಣಿಸಿ ಸಂಬಳ ತಗೊಳ್ತೀಯಲ್ಲ, ನಿನಗೆ ಬೇರೆ ಉದ್ಯೋಗ ಸಿಗಲಿಲ್ವಾ' ಎನ್ನುವಳು. ಪ್ರಶ್ನೆಪಟ್ಟಿ ಬರೆದವಳು ನಾನೇ. ಅದರ ಹದಿನೇಳನೆಯ ಪ್ರಶ್ನೆ, ನೀವು ಯೆಹೂದಿ ಎಂದು ತಿಳಿಯದಿರಲೆಂದು ಏನನ್ನಾದರೂ ತೆಗೆದಿದ್ದೀರಾ, ಬಚ್ಚಿಟ್ಟಿದ್ದೀರಾ, ಬದಲಿಸಿದ್ದೀರಾ? ಜನ ಏನೇನು ಹೇಳಿದರು ಗೊತ್ತೇ! ಒಬ್ಬ ಮಗನ ಟೋಪಿಯ ಮೇಲೆ ಇನ್ನೊಂದು ಟೋಪಿ ಹಾಕಿ ಶಾಲೆಗೆ ಕಳಿಸುತ್ತಾನೆ. ಒಬ್ಬಳು ಟ್ಯಾಕ್ಸಿ ಕರೆಯುವಾಗ ಮಾರಿಯಾ ಎನ್ನುತ್ತಾಳೆ. ಒಬ್ಬ ಅಜ್ಜ ಬಾಗಿಲ ಚೌಕಟ್ಟಿನ ಹೊರಗಿದ್ದ ಪ್ರಾರ್ಥನೆಯ ಕೊಳವೆಯನ್ನು ಕಿತ್ತು ಒಳಗೆ ಹೊಡೆದಿದ್ದಾನೆ, 'ದೇವರಿಗೆ ಒಳಗಿಂದಾನೂ ಕಾಣುತ್ತೆ' ಎಂದನಂತೆ. ಹೀಗೆ ಊರಿನವರನ್ನೆಲ್ಲ ಕೇಳಿದೆವು. ಮನೆಯವರನ್ನು ಕೇಳುವ ಹಾಗಿಲ್ಲ, ಅದು ನಿಯಮ. ಯಾರು ಏನು ಹೇಳಿದರು ಎನ್ನುವುದು ಹೊರಗೆ ಹೋಗುವ ಹಾಗೂ ಇಲ್ಲ. ಹೆಸರು ತೆಗೆದು ನಂಬರು ಹಾಕುತ್ತೇವೆ. ಗುಟ್ಟು ಕಾಯುತ್ತೇವೆ ಎಂದು ಸಹಿ ಮಾಡಿಕೊಡುತ್ತೇವೆ.

ಅಮ್ಮನ ಏಳು ದಿನದ ಸೂತಕ ಮುಗಿಸಿ ಕಚೇರಿಗೆ ಹೋದವಳು ಬಾಕಿಯಿದ್ದ ಸಂದರ್ಶನಗಳನ್ನು ಓದಲು ಕೂತೆ. ಸಂದರ್ಶನ ನಲವತ್ತೊಂದು. ಮಾಡಿದ್ದು ನನ್ನ ಕೈಕೆಳಗಿನ ಲೂದಿವಿನ್. ಬ್ರಿಟನಿಯ ಹುಡುಗಿ, ಇಪ್ಪತ್ತಾರು ವರ್ಷ, ಬಲು ಶ್ರದ್ಧೆ, ನಮ್ಮ ಪದ್ಧತಿಗಳ ಗಂಧಗಾಳಿ ಇಲ್ಲ. ಹೆಂಗಸು, ವಯಸ್ಸು ಎಂಬತ್ತರ ಮೇಲೆ, ವಿಧವೆ. ಮಕ್ಕಳೆಷ್ಟು ಎನ್ನುವಲ್ಲಿ ಲೂದಿವಿನ್ ಬರೆದಿದ್ದಾಳೆ, 'ಎರಡಕ್ಕಿಂತ ಹೆಚ್ಚು. ಸರಿಯಾದ ಸಂಖ್ಯೆ ಹೇಳಲು ಒಪ್ಪಲಿಲ್ಲ. ಒಂದಲ್ಲ, ಎರಡಲ್ಲ ಎಂದರು.' ನಕ್ಕುಬಿಟ್ಟೆ ಅಣ್ಣಾ. ಅರೆಗಳಿಗೆ ನಕ್ಕೆ. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದೆ. ಮುಂದಿನ ಸಾಲು, 'ಒಬ್ಬಳು ಇಲ್ಲೇ ಇದ್ದಾಳೆ, ಜನರನ್ನ ಎಣಿಸೋ ಕೆಲಸ. ಇನ್ನೊಬ್ಬ ಸಮುದ್ರದ ದಡದಲ್ಲಿದ್ದಾನೆ, ಸಿಟ್ಟು ಮಾಡ್ಕೊಳ್ಳೋ ಕೆಲಸ.'

ಹಿಂಸೆ, ಬೈಗುಳ, ಬೆದರಿಕೆ ಆಗಿದೆಯೇ ಎನ್ನುವ ಪ್ರಶ್ನೆಗೆ ಅಮ್ಮ ಏನಂದಳು ಗೊತ್ತೇ? 'ಇಲ್ಲಮ್ಮ, ದೇವರ ದಯ, ನನಗೇನೂ ಆಗಿಲ್ಲ. ಆಗೋದು ಅಂದ್ರೆ ಏನು ಅಂತ ನಾನು ನೋಡಿದ್ದೀನಿ. ಇದು ಅದಲ್ಲ.' ನನ್ನ ತಾಯಿಯ ಮನೆಯೆಂದು ತಿಳಿಯದೆ ಹೋಗಿದ್ದ ಲೂದಿವಿನ್ ಸೊನ್ನೆ ಹಾಕಿದಳು. ನನ್ನ ಕೋಷ್ಟಕದಲ್ಲಿ ನಮ್ಮಮ್ಮ ಒಂದು ಸೊನ್ನೆ. ಆದರೆ ಹುಡುಗಿ ಹದಿನೇಳನೆಯ ಪ್ರಶ್ನೆ ಕೇಳುವ ಹೊತ್ತಿಗೆ ಅಮ್ಮ ಅವಳ ಮುಂದೆ ಕೇಕು ಇಟ್ಟಿದ್ದಳೆಂದು ಕಾಣುತ್ತದೆ. ತಿನ್ನುವವರು ಎದುರಿಗಿದ್ದರೆ ಅವಳ ನಾಲಿಗೆ ಹೇಗೆ ಸಡಿಲವಾಗುತ್ತಿತ್ತು ನಿನಗೇ ಗೊತ್ತು. ಆ ಎರಡು ಪುಟ ಈ ಕಾಗದದ ಜೊತೆ ಇಟ್ಟಿದ್ದೇನೆ. ಸಹಿ ಮಾಡಿಕೊಟ್ಟ ನಿಯಮವನ್ನು ಮುರಿದೇ ಇಟ್ಟಿದ್ದೇನೆ. ನಾಳೆ ಮೇಲಿನವರಿಗೆ ನಾನೇ ಹೋಗಿ ಹೇಳುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ. ನೀನು ಕನ್ನಡಕ ಹಾಕಿಕೊಂಡು ಓದು. ಓದುವ ಮನಸ್ಸಿಲ್ಲದಿದ್ದರೆ ಇಲ್ಲಿಯೇ ಸಾರಾಂಶ ಹೇಳುತ್ತೇನೆ.

೨೦೨೩ರಲ್ಲಿ ನಿಮ್ಮ ಇಸ್ರೇಲಿನ ಮೇಲೆ ದಾಳಿಯಾದ ಆ ಅಕ್ಟೋಬರ್ ಕಳೆದು ಚಳಿಗಾಲ ಹಿಡಿದಿತ್ತಂತೆ. ಕೆಳಗಡೆ ಅಂಚೆ ಡಬ್ಬಿಗಳ ಸಾಲಿನಲ್ಲಿ ನಮ್ಮ ಡಬ್ಬಿಯ ಮೇಲೆ ಯಾರೋ ಉಗಿದಿದ್ದರು. ಅಪ್ಪ ಹಿತ್ತಾಳೆಯಲ್ಲಿ ಕೆತ್ತಿಸಿ ತಂದ ಹೆಸರಿನ ಫಲಕ ನೆನಪಿದೆಯಲ್ಲ, ಲೆವ್ಕೊವಿಚ್ ಎಂದು, ಅದರ ಮೇಲೆಯೇ. ಅಮ್ಮ ವಿನೆಗರ್ ಹಾಕಿ ಒರೆಸಿದಳು. ವಾರ ಬಿಟ್ಟು ಮತ್ತೆ. ಮತ್ತೆ ಒರೆಸಿದಳು. ಮೂರನೇ ಸಲ ಡಬ್ಬಿಯೊಳಗೆ ಉರಿಯುವ ಕಾಗದ ಹಾಕಿದ್ದರು, ಕೆಳಗೆ ಮೊಳೆಯಿಂದ ಏನೋ ಗೀಚಿದ್ದರು. ಏನು ಗೀಚಿದ್ದರು ಎಂದು ಅಮ್ಮ ಹೇಳಿಲ್ಲ. 'ಕಾಗುಣಿತ ತಪ್ಪಿತ್ತು' ಎಂದಷ್ಟೇ ಹೇಳಿದ್ದಾಳೆ. 'ಯಾರು ಅಂತ ಗೊತ್ತಿಲ್ಲಮ್ಮ. ಹುಡುಗರಿರಬಹುದು. ಲಿಫ್ಟಲ್ಲಿ ನಮಸ್ಕಾರ ಹೇಳೋರೇ ಇರಬಹುದು. ಅದೇ ಕಷ್ಟ ನೋಡು. ಮೊದಲು ಯಾರಾದ್ರೂ ನಮಸ್ಕಾರ ಅಂದ್ರೆ ನಮಸ್ಕಾರ ಅಂತಿದ್ದೆ. ಈಗ, ಅಯ್ಯೋ, ನೀನೇನಾ ಅಂತ ಅವರ ಕೈ ನೋಡ್ತೀನಿ. ನಲವತ್ತು ವರ್ಷದಿಂದ ಗೊತ್ತಿರೋರ ಕೈ ನೋಡ್ತೀನಲ್ಲ, ನನಗೇ ನಾಚಿಕೆ ಆಗುತ್ತೆ.' ಅಣ್ಣಾ, ಇಪ್ಪತ್ತೈದು ವರ್ಷದಿಂದ ಈ ವಿಷಯದ ಮೇಲೆ ಬರೆಯುತ್ತಿದ್ದೇನೆ. ಇಷ್ಟು ನೆಟ್ಟಗೆ ಒಂದು ಸಾಲು ನನ್ನಿಂದ ಬರೆಯಲಾಗಿಲ್ಲ.

ಮಾರನೆಯ ದಿನ ಅಪ್ಪನ ಫಲಕದ ತಿರುಪು ಬಿಚ್ಚಿ ತೆಗೆದಳು. ಆ ಜಾಗಕ್ಕೆ ಒಂದು ಕಾಗದದ ಚೀಟಿ ಸಿಕ್ಕಿಸಿದಳು. ಅದರ ಮೇಲೆ ಯಾವ ಹೆಸರು ಬರೆದಳು ಊಹಿಸು. ಜಿನೆಟ್ ಬೊನೇ. ಹೌದು, ಯುದ್ಧದ ಕಾಲದ ಅದೇ ಹೆಸರು. ಕ್ರೂಸ್ ಸೀಮೆಯ ಆ ಹೊಲದ ಮನೆಯಲ್ಲಿ ಎರಡು ವರ್ಷ ಅವಳನ್ನು ಬಚ್ಚಿಟ್ಟಿದ್ದರಲ್ಲ, ಆಗ ಆ ಮನೆಯೊಡತಿ ನಿದ್ದೆಯಲ್ಲಿದ್ದವಳನ್ನು ಅಲುಗಾಡಿಸಿ ಎಬ್ಬಿಸಿ ಹೆಸರೇನು ಎಂದು ಕೇಳಿ ಕೇಳಿ ಅಭ್ಯಾಸ ಮಾಡಿಸಿದ ಹೆಸರು. ನಮಗೆ ಚಿಕ್ಕಂದಿನಲ್ಲಿ ಅದನ್ನು ಅವಳು ತಮಾಷೆಯ ಕಥೆಯ ಹಾಗೆ ಹೇಳುತ್ತಿದ್ದಳು, ಕೋಳಿಗಳ ಕಥೆಯ ಜೊತೆ ಸೇರಿಸಿ. ಯುದ್ಧ ಮುಗಿದು ಅವಳ ಚಿಕ್ಕಮ್ಮ ಕರೆದೊಯ್ಯಲು ಬಂದು ಅಂಗಳದಲ್ಲಿ ನಿಂತು 'ಫೈಗಾ' ಎಂದು ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ ಇವಳು ತಿರುಗಿಯೂ ನೋಡಲಿಲ್ಲವಂತೆ, ಕೋಳಿಗೆ ಕಾಳು ಹಾಕುತ್ತಲೇ ಇದ್ದಳಂತೆ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಲೂದಿವಿನ್‌ಗೂ ನಗುತ್ತಲೇ ಹೇಳಿದ್ದಾಳೆ, 'ಜಿನೆಟ್ ಬಂದ ಮೇಲೆ ಯಾರೂ ಉಗಿದಿಲ್ಲ ನೋಡಮ್ಮ. ಈ ಕಟ್ಟಡದಲ್ಲಿ ಜಿನೆಟ್ ಅಂದ್ರೆ ಎಲ್ಲರಿಗೂ ಪ್ರೀತಿ.'

ಪಿಂಚಣಿಯವರಿಗೆ, ಬ್ಯಾಂಕಿನವರಿಗೆ ಹುರಿಯಾಳ ಮನೆಯ ವಿಳಾಸ ಕೊಟ್ಟಳು. ನಿನಗೆ ಮಾತ್ರ ಕೊಡಲಾಗಲಿಲ್ಲ. ಕೊಟ್ಟಿದ್ದರೆ ಯಾಕೆ ಎಂದು ನೀನು ಕೇಳುತ್ತಿದ್ದೆ. ಹಳೆಯ ಅಂಚೆಯವನಿಗೆ ಹೇಳಿಟ್ಟಿದ್ದಳು, ಲೆವ್ಕೊವಿಚ್ ಎಂದು ಬಂದರೆ ಜಿನೆಟ್ ಡಬ್ಬಿಗೆ ಹಾಕು ಎಂದು. ಅವನು ಆ ಬೇಸಿಗೆಯಲ್ಲೇ ಬೇರೆ ಕಡೆಗೆ ಹೋದ. ಅದು ಅವಳಿಗೆ ತಿಳಿಯಲಿಲ್ಲ. ಈಗ ವಾರಕ್ಕೊಬ್ಬ ಹೊಸಬ ಬರುತ್ತಾನೆ, ಹೆಸರು ಕಾಣದಿದ್ದರೆ ಮುದ್ರೆ ಒತ್ತಿ ವಾಪಸು. ಹೀಗೆ ನಿನ್ನ ಕಾರ್ಡು ಈ ಕಟ್ಟಡದ ಬಾಗಿಲವರೆಗೆ ಬಂದು ಎರಡು ಸಲ ತಿರುಗಿ ಹೋಯಿತು. ನಾಲ್ಕು ಮಹಡಿ ಮೇಲೆ ಅಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಲೂದಿವಿನ್ ಹೋದದ್ದು ಹೊಸವರ್ಷ ಮುಗಿದ ಎರಡನೇ ವಾರ. ಪುಟದ ಕೊನೆಯಲ್ಲಿ ಅಮ್ಮ ಹೇಳಿರುವುದನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ. 'ಮಗ ವರ್ಷಕ್ಕೊಂದು ಕಾರ್ಡು ಬರೀತಿದ್ದ. ಹೋದ ವರ್ಷ ಬರಲಿಲ್ಲ. ಈ ವರ್ಷಾನೂ ಇಲ್ಲ. ದಿನಾ ಇಳಿದು ಹೋಗಿ ನೋಡಿದೆ, ಈ ಕಾಲಲ್ಲಿ. ಅವನಿಗೂ ಸಾಕಾಗಿರಬೇಕು ಪಾಪ. ನೀನು ಇದನ್ನೆಲ್ಲ ನನ್ನ ಮಗಳಿಗೆ ಹೇಳಬೇಡಮ್ಮ, ನಿಮ್ಮ ಆಫೀಸಲ್ಲೇ ಇದ್ದಾಳೆ. ಅವಳಿಗೆ ಗೊತ್ತಾದ್ರೆ ಅಣ್ಣನಿಗೆ ಹೇಳ್ತಾಳೆ. ಹೆಸರು ಬಚ್ಚಿಡೋ ಕಾಲ ಬರುತ್ತೆ ಅಂತ ಅವನು ಅವತ್ತೇ ಹೇಳಿದ್ದ. ಅವನು ಹೇಳಿದ್ದೇ ಸರಿಯಾಯ್ತು ಅಂತ ಅವನಿಗೆ ಗೊತ್ತಾಗೋದು ಬೇಡ. ಮೊದಲೇ ದುಃಖದ ಪ್ರಾಣಿ ಅವನು.'

ಓದಿ ಮುಗಿಸಿ ನೇರ ಅಮ್ಮನ ಕಟ್ಟಡಕ್ಕೆ ಹೋದೆ. ಡಬ್ಬಿಯ ಮೇಲೆ ಚೀಟಿ ಇತ್ತು. ಅವಳದೇ ದುಂಡನೆಯ ಅಕ್ಷರ. ಅಣ್ಣಾ, ಪ್ರತಿ ಶುಕ್ರವಾರ ಆ ಬಾಗಿಲಲ್ಲಿ ಹೋಗುವವಳು ನಾನು. ಕೈಯಲ್ಲಿ ಹೂವು, ಬೇಕರಿಯ ಪೊಟ್ಟಣ, ಬಾಗಿಲಿನ ನಂಬರು ಒತ್ತಿ ಓಡಿ ಲಿಫ್ಟು ಹಿಡಿಯುತ್ತೇನೆ. ಊರಿನವರನ್ನೆಲ್ಲ ಅಂಚೆ ಡಬ್ಬಿಯಿಂದ ನಿಮ್ಮ ಹೆಸರು ತೆಗೆದಿದ್ದೀರಾ ಎಂದು ಕೇಳಿಸುವವಳು ಎರಡು ವರ್ಷ ತಾಯಿಯ ಡಬ್ಬಿಯ ಮುಂದೆಯೇ ಹಾದುಹೋದೆ, ಒಂದು ದಿನವೂ ಕತ್ತು ತಿರುಗಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ನನ್ನನ್ನು ನೋಡಿಯೇ ಹೇಳಿರಬೇಕು. ನನ್ನ ಕಾಗದಗಳು ಅವಳಿಗೆ ಬರುತ್ತಿರಲಿಲ್ಲ, ನಾನೇ ಬರುತ್ತಿದ್ದೆನಲ್ಲ. ಅಂಚೆ ಬೇಕಿದ್ದದ್ದು ನಿನಗೊಬ್ಬನಿಗೇ.

ಹುರಿಯಾಳನ್ನು ಕೇಳಿದೆ. ಅವಳಿಗೆಲ್ಲ ಗೊತ್ತಿತ್ತು. 'ವಿನೆಗರ್ ಕೊಟ್ಟವಳೇ ನಾನು ಮಗಳೇ. ನನ್ನ ಡಬ್ಬಿ ಮೇಲೆ ನಿಮ್ಮ ಹೆಸರೂ ಹಾಕೋಣ, ಯಾರು ಉಗೀತಾರೋ ನನ್ನ ಮುಂದೆ ಉಗೀಲಿ ಅಂದೆ. ಬೇಡ ಹುರಿಯಾ, ಆಮೇಲೆ ನಿನಗೂ ಉಗೀತಾರೆ, ನಿನಗೆ ಅಂತ ಉಗಿಯೋರು ಬೇರೇನೇ ಇದ್ದಾರಲ್ಲ ಅಂದ್ರು. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕಿದ್ವಿ' ಎಂದು ಹೇಳಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಮಕ್ಕಳಿಗೆ ಹೇಳಿ ಎಂದು ಎಷ್ಟೋ ಸಲ ಬುದ್ಧಿ ಹೇಳಿದಳಂತೆ. ಅಮ್ಮ ಮಾತು ಬದಲಿಸಿ ಮೀನಿನ ಬೆಲೆ ಕೇಳುತ್ತಿದ್ದಳಂತೆ.

ಅಪ್ಪನ ಫಲಕ ಸಿಕ್ಕಿತು. ದೀಪ ಹಚ್ಚುವ ದಿನ ಹಾಸುವ ಬಿಳಿ ಮೇಜುಬಟ್ಟೆಯ ಮಡಿಕೆಯೊಳಗೆ, ನಾಲ್ಕು ತಿರುಪುಗಳ ಸಮೇತ, ಔಷಧಿಯ ಚೀಟಿಯಲ್ಲಿ ಸುತ್ತಿಟ್ಟಿದ್ದಳು. ಹಿತ್ತಾಳೆಗೆ ಹೊಳಪು ಕೊಟ್ಟಿದ್ದಳು ಕೂಡ. ಅದರ ಕೆಳಗೆ ನಿನ್ನ ಹಳೆಯ ಕಾರ್ಡುಗಳು, ವರ್ಷದ ಪ್ರಕಾರ ಜೋಡಿಸಿದ್ದವು. ಫಲಕವನ್ನು ನಾನೇ ಹೋಗಿ ಡಬ್ಬಿಗೆ ಹಾಕೋಣವೆಂದು ಕೆಳಗಿಳಿದೆ. ಎಷ್ಟು ತಿರುಗಿಸಿದರೂ ತಿರುಪು ನನ್ನ ಕೈಗೆ ಕೂರಲಿಲ್ಲ. ಮನೆಯನ್ನು ಏಪ್ರಿಲ್ ಕೊನೆಗೆ ಖಾಲಿ ಮಾಡಿಕೊಡಬೇಕು. ಅಷ್ಟರೊಳಗೆ ಒಂದು ದಿನದ ಮಟ್ಟಿಗಾದರೂ ಆ ಡಬ್ಬಿಯ ಮೇಲೆ ಅವಳ ಹೆಸರು ಇರಬೇಕೆಂದು ನನಗೆ ಆಸೆ. ನೀನು ಬಾ ಅಣ್ಣಾ. ನಿನ್ನ ಕೈ ಗಟ್ಟಿ. ಆ ಎರಡು ಲಕೋಟೆಗಳನ್ನು ಎಸೆದಿಲ್ಲ ತಾನೆ? ತೆಗೆದುಕೊಂಡು ಬಾ. ಬಾನ್ಯೋಗೆ ಹೋಗೋಣ, ಅವಳ ಮುಂದೆ ನಿಂತು ನೀನೇ ಓದಿ ಹೇಳು. ಎರಡೇ ಸಾಲು, ಎಷ್ಟು ಹೊತ್ತಾದೀತು. ಕದ್ದಿಶ್ ಕೂಡ ಹೇಳು, ಹತ್ತು ಜನರನ್ನು ನಾನು ಎಲ್ಲಿಂದಲಾದರೂ ಎಳೆದು ತರುತ್ತೇನೆ. ಅವಳ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ನಿನ್ನನ್ನು ದೂರ ತಳ್ಳಿದವಳಲ್ಲ ಅವಳು. ನೀನು ಗೆದ್ದೆ ಎಂದು ನಿನಗೆ ತಿಳಿಯಬಾರದೆಂದು ಬಾಯಿಗೆ ಬೀಗ ಹಾಕಿಕೊಂಡವಳು.

ಅತ್ತಿಗೆಗೆ ನನ್ನ ಅಪ್ಪುಗೆ. ಮಕ್ಕಳಿಗೆ ಮುತ್ತು, ಅವರು ಎಷ್ಟು ಜನ ಎಂದು ಎಣಿಸದೆಯೇ ಕೊಡು. ಮೊಣಕಾಲಿಗೆ ಬೆಚ್ಚಗಿನ ಬಟ್ಟೆ ಕಟ್ಟಿಕೋ. ಬರುವಾಗ ಸ್ವೆಟರ್ ತರುವುದನ್ನು ಮರೆಯಬೇಡ, ಇಲ್ಲಿ ಇನ್ನೂ ಚಳಿ ಬಿಟ್ಟಿಲ್ಲ. ಅಪ್ಪ ಅಮ್ಮ ಇಬ್ಬರ ಹರಕೆಯೂ ನಿನ್ನ ಮೇಲಿರಲಿ.

ನಿನ್ನ ತಂಗಿ,
ಕ್ಲೊದಿ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದೆ. ಇದನ್ನು ಬರೆಯದೆ ಕಳಿಸಿದರೆ ನಾನು ಮನುಷ್ಯಳಲ್ಲ. ಮೇಲೆ ಸುಳ್ಳು ಬರೆದಿದ್ದೇನೆ. ಸಂದರ್ಶನ ನಲವತ್ತೊಂದನ್ನು ನಾನು ಓದಿದ್ದು ಅಮ್ಮ ಹೋದ ಮೇಲಲ್ಲ. ಅಕ್ಟೋಬರ್ ೨೩, ಗುರುವಾರ ಮಧ್ಯಾಹ್ನ ಓದಿದೆ. ನಿನ್ನ ಲಕೋಟೆಗಳ ಚಿತ್ರ ಆಗಲೇ ನನ್ನ ಫೋನಿನಲ್ಲಿತ್ತು. ಎರಡೂ ತುದಿ ನನ್ನೊಬ್ಬಳ ಕೈಯಲ್ಲೇ ಇದ್ದವು ಅಣ್ಣಾ, ಗಂಟು ಹಾಕಲಿಲ್ಲ. ನಿಯಮ ಎಂದುಕೊಂಡೆ. ಸಹಿ ಮಾಡಿದ್ದೇನೆ ಎಂದುಕೊಂಡೆ. ವರದಿ ಮುಗಿಯಲಿ, ಫೆಬ್ರವರಿಯಲ್ಲಿ ನಿಧಾನವಾಗಿ ಇಬ್ಬರಿಗೂ ಹೇಳೋಣ ಎಂದುಕೊಂಡೆ. ಎಂಬತ್ತೊಂಬತ್ತರ ಮುದುಕಿಗೆ ಫೆಬ್ರವರಿ! ಅಮ್ಮ ನಿನ್ನ ಹೆಸರು ಎತ್ತಿದಳಾ ಎಂದು ಆ ಮೂರು ನಿಮಿಷದಲ್ಲಿ ನೀನು ಕೇಳಿದೆ. ಇಲ್ಲ ಎಂದೆ. ಅದೂ ಸುಳ್ಳು. ಓದಿದ ಮರುದಿನ ಶುಕ್ರವಾರ, ಡಬ್ಬಿಯ ಮೇಲಿನ ಚೀಟಿ ನೋಡಿಕೊಂಡೇ ಮೇಲೆ ಹೋಗಿ ಅವಳ ಮೇಜಿಗೆ ಕೂತು ಸೂಪು ಕುಡಿದೆ. ಸೌಟು ತಿರುವುತ್ತಾ, ನನ್ನ ಮುಖ ನೋಡದೆ, 'ಅರ್ಮಾಂದು ಏನಾದ್ರೂ ಸುದ್ದಿ ಇದೆಯೇನೇ?' ಎಂದಳು. 'ಚೆನ್ನಾಗಿದ್ದಾನಂತೆ' ಎಂದೆ. ಅಷ್ಟೇ ಅಂದೆ. ಆಮೇಲಿನ ಶುಕ್ರವಾರವೂ ಕೇಳಿದಳು. ಅದರ ಮುಂದಿನದೂ. ಈಗ ಕ್ಯಾಲೆಂಡರ್ ಮುಂದಿಟ್ಟುಕೊಂಡು ಆ ಶುಕ್ರವಾರಗಳನ್ನು ಅವಳು ಎಣಿಸುತ್ತಿದ್ದ ಹಾಗೆಯೇ ಎಣಿಸುತ್ತಿದ್ದೇನೆ. ಒಂದಲ್ಲ, ಎರಡಲ್ಲ, ಮೂರಲ್ಲ, ನಾಲ್ಕಲ್ಲ, ಐದಲ್ಲ, ಆರಲ್ಲ, ಏಳಲ್ಲ, ಎಂಟಲ್ಲ, ಒಂಬತ್ತಲ್ಲ, ಹತ್ತಲ್ಲ, ಹನ್ನೊಂದಲ್ಲ, ಹನ್ನೆರಡಲ್ಲ.